ಪುಟ್ಟಗೌರಮ್ಮನ ಹೋಟೆಲಿನ ಗಂಟೆ ಮಿಷನ್ನು

ಕೃಷ್ಣರಾಜಪೇಟೆ ಬಸ್‌ಸ್ಟ್ಯಾಂಡಿನ ಎದುರು ಸಾಲಿನಲ್ಲಿದ್ದ ಪುಟ್ಟಗೌರಮ್ಮನ ತಿಂಡಿ ಹೋಟೆಲಿಗೆ ಬೋರ್ಡು ಇರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಅವಳ ಇಡ್ಲಿಯಷ್ಟೇ ಅವಳ ಬಾಯಿಯೂ ಆ ಸುತ್ತಿನಲ್ಲಿ ಹೆಸರಾಗಿತ್ತು. ಚಟ್ನಿ ನೀರಾಗಿದೆ ಎಂದ ಕಂಡಕ್ಟರನಿಗೆ ಒಮ್ಮೆ, ನಿನ್ನ ಬಸ್ಸಿನ ಬ್ರೇಕಿಗಿಂತ ಗಟ್ಟಿಯಾಗಿದೆ, ಸುಮ್ಮನೆ ತಿನ್ನು ಎಂದಿದ್ದಳು. ತಾಲ್ಲೂಕು ಕಚೇರಿಯ ಗುಮಾಸ್ತರು, ಕಾಲೇಜು ಹುಡುಗರು, ಹಳ್ಳಿಯಿಂದ ಸಂತೆಗೆ ಬಂದವರು, ಎಲ್ಲರೂ ಅವಳ ಕೈಲಿ ಒಂದು ಮಾತು ಅನ್ನಿಸಿಕೊಂಡೇ ಕೈ ತೊಳೆಯುತ್ತಿದ್ದರು. ಅವಳಿಗೆ ಯಾರನ್ನು ಕಂಡರೂ ಸ್ವಲ್ಪ ತಾತ್ಸಾರವೇ. ಆದರೆ ಅದರಲ್ಲಿ ದೊಡ್ಡ ಪಾಲು ಮನೆಯೊಳಗೇ ಖರ್ಚಾಗುತ್ತಿತ್ತು. ಅದು ಗಂಡ ನಿಂಗರಾಜುವಿನ ಪಾಲು.

ನಿಂಗರಾಜು ಒಕ್ಕಲು ಮನೆಯವನು. ಅಣ್ಣತಮ್ಮಂದಿರು ನಾಲೆ ನೀರಿಗೆ ಕಾದು ಕಬ್ಬು ಬೆಳೆಯುತ್ತಿದ್ದಾಗ ಇವನು ಪಾಂಡವಪುರದಲ್ಲಿ, ಮಿಲಿಟರಿ ಬ್ಯಾಂಡಿನಿಂದ ನಿವೃತ್ತನಾಗಿ ಬಂದಿದ್ದ ಮುದುಕನೊಬ್ಬನ ಬೆನ್ನು ಹತ್ತಿ ಕ್ಲಾರಿಯೋನೆಟ್ ಊದಲು ಕಲಿತ. ಮದುವೆಯಾದ ಮೇಲೂ ಬಿಡಲಿಲ್ಲ. ಕೆಂಪು ಕೋಟು, ಜರಿಪಟ್ಟಿ ಹೊಲಿದ ಪ್ಯಾಂಟು ತೊಟ್ಟು ಬ್ಯಾಂಡ್‌ಸೆಟ್ಟಿನವರ ಜೊತೆ ನಾಗಮಂಗಲದಿಂದ ಶ್ರೀರಂಗಪಟ್ಟಣದವರೆಗೆ ಕಂಡವರ ಮದುವೆ ಮೆರವಣಿಗೆಯಲ್ಲಿ ನಡೆದ. ಊದುವುದನ್ನು ಚೆನ್ನಾಗಿಯೇ ಊದುತ್ತಿದ್ದ. ಮದುಮಗನ ಕುದುರೆಯ ಮುಂದೆ ಅವನು ಕಣ್ಣು ಮುಚ್ಚಿಕೊಂಡು ಒಂದು ಎಳೆ ತೆಗೆದನೆಂದರೆ ಕುಡಿದು ಕುಣಿಯುವವರೂ ಒಂದು ಗಳಿಗೆ ನಿಲ್ಲುತ್ತಿದ್ದರು.

ಪುಟ್ಟಗೌರಮ್ಮನ ಅಣ್ಣ ಚಿಕ್ಕಸ್ವಾಮಿಗೆ ಮಾತ್ರ ಇದು ನುಂಗಲಾರದ ತುತ್ತಾಗಿತ್ತು. ಚಿಕ್ಕಸ್ವಾಮಿ ಪಾಲಹಳ್ಳಿಯ ದೊಡ್ಡ ಕುಳ. ಗದ್ದೆ, ಟ್ರಾಕ್ಟರು, ಹಾಲಿನ ಡೈರಿಯ ಅಧ್ಯಕ್ಷಗಿರಿ, ಇಸ್ತ್ರಿ ಕೆಡದ ಬಿಳಿ ಪಂಚೆ ಎಲ್ಲ ಇದ್ದವನು. ತಾನು ಕೈಮುಗಿಸಿಕೊಂಡು ಕೂತ ಮದುವೆಯಲ್ಲೇ ತಂಗಿಯ ಗಂಡ ಮುಂದೆ ನಿಂತು ಊದುವುದು, ಊಟದ ಹೊತ್ತಿಗೆ ಬ್ಯಾಂಡಿನವರ ಜೊತೆ ಕೊನೆಯ ಪಂಕ್ತಿಗೆ ಕೂರುವುದು ಅವನಿಗೆ ಸಾಯುವಂಥ ಅವಮಾನ. ಭಾವ ಎಂದು ಕರೆಯುವುದನ್ನೇ ಬಿಟ್ಟು, ಆ ಊದೋನು ಎನ್ನುತ್ತಿದ್ದ. ಪುಟ್ಟಗೌರಮ್ಮ ಅದನ್ನು ಕೇಳಿಯೂ ಕೇಳದಂತೆ ಇರುತ್ತಿದ್ದಳು. ಗಂಡನನ್ನು ಅವಳೇ ಏನು ಕಡಿಮೆ ಅನ್ನುತ್ತಿದ್ದಳೇ?

ಒಂದು ಸಲ ಡೋಲನ್ನು ಬಸ್ಸಿನ ಮೇಲಕ್ಕೆ ಏರಿಸಲು ಹೋಗಿ ನಿಂಗರಾಜು ಏಣಿಯಿಂದ ಜಾರಿ ಬಿದ್ದ. ಮೇಲಿನ ಸಾಲಿನ ಮುಂದಿನ ಹಲ್ಲುಗಳು ಹೋದವು. ಕ್ಲಾರಿಯೋನೆಟ್ ಹಿಡಿದರೆ ಹಲ್ಲಿನ ಸಂದಿಯಲ್ಲಿ ಗಾಳಿ ಬುಸ್ಸೆನ್ನುತ್ತಿತ್ತೇ ಹೊರತು ಸ್ವರ ಹೊರಡುತ್ತಿರಲಿಲ್ಲ. ಬ್ಯಾಂಡಿನ ಯಜಮಾನ ಕೆಲವು ಮದುವೆಗಳಲ್ಲಿ ಅವನ ಕೈಗೆ ತಾಳ ಕೊಟ್ಟು ನೋಡಿ, ಆಮೇಲೆ ಹೇಳಿಕಳಿಸುವುದನ್ನೇ ನಿಲ್ಲಿಸಿದ. ನಿಂಗರಾಜು ಹೆಂಡತಿಯ ಹೋಟೆಲಿನಲ್ಲಿ ಕಾಯಿ ತುರಿಯಲು, ಹಿಟ್ಟು ರುಬ್ಬಲು ಕೂತ. ಕೆಂಪು ಕೋಟಿನವನು ಹೋಗಿ ಟವೆಲು ಹೆಗಲಿನವನಾದ. ಸುಮ್ಮನೆ ಕೂರದೆ ಒಮ್ಮೆ ಮೊಲ ಸಾಕುತ್ತೇನೆಂದು ಹಿತ್ತಲು ತುಂಬ ಗೂಡು ಕಟ್ಟಿದ. ಮೊಲಗಳು ಅವನಿಗಿಂತ ಬುದ್ಧಿವಂತ ಪ್ರಾಣಿಗಳಾಗಿದ್ದವು ಎಂದು ಪುಟ್ಟಗೌರಮ್ಮ ಗಿರಾಕಿಗಳಿಗೆ ಹೇಳುತ್ತಿದ್ದಳು. ಅವು ಗೂಡು ಕೊರೆದು ಪಕ್ಕದ ಬಟ್ಟೆ ಅಂಗಡಿಗೆ ನುಗ್ಗಿ ಹೊಸ ಲುಂಗಿಗಳನ್ನು ತಿಂದ ದಿನ ಮೊಲ ಸಾಕಾಣಿಕೆ ಮುಗಿದಿತ್ತು.

ತೊಂಬತ್ತಮೂರನೆಯ ಇಸವಿಯ ಬೇಸಗೆಯಲ್ಲಿ ನಿಂಗರಾಜು ಯಾವುದೋ ಕೆಲಸಕ್ಕೆ ಮೈಸೂರಿಗೆ ಹೋಗಿ, ಬೆಲ್ಲ ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ ಒಂದು ಮಂಚದಷ್ಟು ಉದ್ದದ ಪೆಟ್ಟಿಗೆ ಹಾಕಿಸಿಕೊಂಡು ಬಂದ. ಬಾಗಿಲು ಮುಚ್ಚುತ್ತಿದ್ದ ಹಳೆಯ ಕ್ಲಬ್ಬೊಂದು ತನ್ನ ಕುರ್ಚಿ ಮೇಜುಗಳನ್ನೆಲ್ಲ ಗುಜರಿಗೆ ಹಾಕುತ್ತಿತ್ತಂತೆ, ಅದರ ನಡುವೆ ಇದು ಮಗ್ಗುಲಾಗಿ ಬಿದ್ದಿತ್ತಂತೆ. ನಾಲ್ಕು ಕಾಲು, ಇಳಿಜಾರಾದ ಮೈ, ಮೈಮೇಲೆ ಗಾಜು. ತಲೆಯ ಕಡೆ ಬಾಗಿಲಿನಂತೆ ನೆಟ್ಟಗೆ ನಿಂತ ಇನ್ನೊಂದು ಗಾಜಿನಲ್ಲಿ ಬಣ್ಣದ ಚಿತ್ರ. ಕೆಂಪು ಕೋಟಿನ ಬ್ಯಾಂಡಿನವರು ಸಾಲಾಗಿ ನಿಂತು ಊದುತ್ತಿದ್ದಾರೆ, ಅವರ ಮುಂದೆ ಬಿಳಿ ಹುಡುಗಿಯೊಬ್ಬಳು ಛತ್ರಿಯಂಥ ಲಂಗ ತೊಟ್ಟು ಕುಣಿಯುತ್ತಿದ್ದಾಳೆ. ಅಮೆರಿಕದ ಆಟದ ಮಿಷನ್ನು ಎಂದ ನಿಂಗರಾಜು. ಇದು ತಿಂಡಿ ಹಾಕುತ್ತದೆಯೋ ಹಿಟ್ಟು ರುಬ್ಬುತ್ತದೆಯೋ ಎಂದು ಪುಟ್ಟಗೌರಮ್ಮ ಕೇಳಿದಳು. ಎರಡೂ ಇಲ್ಲ ಎಂದ ಮೇಲೆ, ಹಾಗಾದರೆ ಮನೆಯಲ್ಲಿ ಈಗಾಗಲೇ ಅಂಥದ್ದೊಂದು ಇದೆಯಲ್ಲ, ಇನ್ನೊಂದು ಯಾಕೆ ಎಂದಳು.

ರೇಡಿಯೋ ರಿಪೇರಿಯ ಕರಿಯಯ್ಯನನ್ನು ಕರೆತಂದು ನಿಂಗರಾಜು ಅದರ ಹೊಟ್ಟೆ ಬಿಚ್ಚಿಸಿದ. ಒಳಗೆ ಬಟ್ಟೆ ಸುತ್ತಿದ ತಂತಿಗಳ ಕಂತೆ, ತಾಮ್ರದ ಸುರುಳಿ, ಹಲ್ಲಿನ ಚಕ್ರ. ನಮ್ಮ ಕರೆಂಟು ಇದಕ್ಕೆ ಜಾಸ್ತಿ, ಹಾಗೇ ಕೊಟ್ಟರೆ ಸುಟ್ಟು ಹೋಗುತ್ತದೆ ಎಂದು ಕರಿಯಯ್ಯ ಕರೆಂಟು ಇಳಿಸುವ ಪೆಟ್ಟಿಗೆಯೊಂದನ್ನು ಜೋಡಿಸಿದ. ಕಾಸು ಹಾಕುವ ಕಂಡಿಗೆ ಅಮೆರಿಕದ ಕಾಸೇ ಬೇಕಾಗಿದ್ದರಿಂದ ಅದನ್ನು ಕಿತ್ತುಹಾಕಿ, ಮುಂದುಗಡೆಯ ಕೆಂಪು ಗುಂಡಿ ಒತ್ತಿದರೆ ಸಾಕು ಆಟ ಶುರುವಾಗುವಂತೆ ಮಾಡಿದ. ಇಬ್ಬರೂ ಸೇರಿ ಕಿಲುಬು ಉಜ್ಜಿ, ಎಣ್ಣೆ ಬಿಟ್ಟು, ಒಂದು ವಾರ ಒದ್ದಾಡಿದ ಮೇಲೆ ಒಂದು ಮಧ್ಯಾಹ್ನ ಚಿತ್ರದ ಹಿಂದೆ ದೀಪ ಹತ್ತಿತು. ಕೆಂಪು ಗುಂಡಿ ಒತ್ತಿದಾಗ ಅಂಕಿಯ ಉರುಳೆಗಳು ಕಟಕಟನೆ ತಿರುಗಿ ಸೊನ್ನೆಗೆ ಬಂದು ನಿಂತವು. ಉಕ್ಕಿನ ಗುಂಡೊಂದು ಧಡ್ಡನೆ ಹೊರಬಿತ್ತು.

ಆಟ ಇಷ್ಟೇ. ಸ್ಪ್ರಿಂಗಿನ ಹಿಡಿ ಎಳೆದು ಬಿಟ್ಟರೆ ಗುಂಡು ಮೇಲಕ್ಕೆ ಹಾರಿ, ಅಣಬೆಯಂಥ ದುಂಡನೆಯ ತಲೆಗಳಿಗೆ ಬಡಿದು, ಅತ್ತಿತ್ತ ಚಿಮ್ಮಿಸಿಕೊಂಡು ಕೆಳಗಿಳಿಯುತ್ತದೆ. ಕೆಳಗೆ ಎರಡು ಪುಟ್ಟ ಕೈಗಳಿವೆ. ಪಕ್ಕದ ಗುಂಡಿ ಒತ್ತಿ ಆ ಕೈಗಳಿಂದ ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯಬೇಕು. ಹೊಡೆಯದಿದ್ದರೆ ನಡುವಿನ ಬಾಯಿಗೆ ಬಿದ್ದು ಹೋಗುತ್ತದೆ. ಗುಂಡು ಎಲ್ಲಿಗೆ ಬಡಿದರೂ ಒಳಗೆ ಗಂಟೆ ಬಾರಿಸುತ್ತದೆ. ಸಣ್ಣ ಏಟಿಗೆ ತಗ್ಗಿನ ಗಂಟೆ, ದೊಡ್ಡ ಏಟಿಗೆ ಏರಿನದು. ಆ ಗಂಟೆಗಳ ಸ್ವರ ಸರಿಯಾಗಿ ಕೂಡುತ್ತದೆ, ಕೇಳು ಎಂದು ನಿಂಗರಾಜು ಹೆಂಡತಿಯನ್ನು ಒಲೆಯ ಮುಂದಿನಿಂದ ಎಬ್ಬಿಸಿಕೊಂಡು ಬಂದ. ದೇವಸ್ಥಾನದಲ್ಲೂ ಗಂಟೆ ಇದೆ, ಪೂಜಾರಿ ಅದಕ್ಕೆ ಇಷ್ಟು ಕುಣಿಯುವುದಿಲ್ಲ ಎಂದು ಅವಳು ವಾಪಸು ಹೋದಳು.

ನಿಂಗರಾಜುವಿಗೂ ತಾತ್ಸಾರ ಮಾಡಲು ಒಬ್ಬ ಸಿಕ್ಕಿದ್ದ. ಗಾಜಿನ ಚಿತ್ರದಲ್ಲಿ ಕ್ಲಾರಿಯೋನೆಟ್ ಹಿಡಿದ ಬಿಳಿ ದೊರೆಯೊಬ್ಬನಿದ್ದ. ಅವನ ಬೆರಳು ತೂತುಗಳ ಮೇಲಿಲ್ಲ, ಕೆನ್ನೆ ಕಡುಬಿನ ಹಾಗೆ ಉಬ್ಬಿದೆ, ಇಂಥವನನ್ನು ನಮ್ಮ ಸೆಟ್ಟಿನಲ್ಲಿ ಡೋಲು ಹೊರುವುದಕ್ಕೂ ಇಟ್ಟುಕೊಳ್ಳುತ್ತಿರಲಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಚಿತ್ರದ ಧೂಳು ಒರೆಸುತ್ತಿದ್ದ.

ತಿಂಡಿ ತಿಂದವರಿಗೆ ಒಂದಾಟ ಬಿಟ್ಟಿ ಎಂದಾದ ಮೇಲೆ ಕಾಲೇಜು ಹುಡುಗರು ಮುಗಿಬಿದ್ದರು. ತಾಲ್ಲೂಕು ಕಚೇರಿಯ ಗುಮಾಸ್ತರು ಮೊದಮೊದಲು, ಇದೇನು ಮಕ್ಕಳಾಟ ಎಂದು ಮೂಗು ಮುರಿದರು. ಆಮೇಲೆ ಅವರೇ ಕಚೇರಿಯ ಕುರ್ಚಿಗೆ ಕೋಟು ನೇತುಹಾಕಿ ಬಂದು ಸರದಿಗೆ ನಿಂತರು. ಕೆಲವರು ಗುಂಡನ್ನು ಬೀಳದಂತೆ ಮಾಡಲು ಮಿಷನ್ನಿಗೆ ಸೊಂಟದಿಂದ ಗುದ್ದುತ್ತಿದ್ದರು. ಹೆಚ್ಚು ಗುದ್ದಿದರೆ ಗಾಜಿನ ಮೂಲೆಯಲ್ಲಿ ಇಂಗ್ಲಿಷಿನ ಸಣ್ಣ ಪದವೊಂದು ಹತ್ತಿಕೊಂಡು ಕೈಗಳು ಸತ್ತುಹೋಗುತ್ತಿದ್ದವು, ಆಟ ಅಲ್ಲಿಗೆ ಮುಗಿಯಿತು. ಮಿಷನ್ನಿಗೂ ಮಾನ ಇದೆ, ಇವಕ್ಕಿಲ್ಲ ಎಂದು ಪುಟ್ಟಗೌರಮ್ಮ ಒಳಗಿನಿಂದ ಅನ್ನುತ್ತಿದ್ದಳು. ಅವಳ ಮಗಳು ದಿವ್ಯ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಮಧ್ಯಾಹ್ನ ಹೋಟೆಲು ಖಾಲಿಯಾದಾಗ ಅಪ್ಪ ಮಗಳು ಎದುರುಬದುರು ಆಡುತ್ತಿದ್ದರು. ದಿವ್ಯ ಯಾವ ಗಿರಾಕಿಗಿಂತಲೂ ಚೆನ್ನಾಗಿ ಆಡುತ್ತಿದ್ದಳು. ಆಡುತ್ತ ಗಂಟೆಯ ಸ್ವರ ಹಿಡಿದು ಗುನುಗುತ್ತಿದ್ದಳು. ಚಿಕ್ಕಂದಿನಿಂದ ಅವಳಿಗೆ ಹಾಡು ಹೇಳಿಕೊಟ್ಟವನು ಅಪ್ಪನೇ.

ಮರುವರ್ಷ ಚಿಕ್ಕಸ್ವಾಮಿ ದಿವ್ಯಳಿಗೆ ಒಂದು ಸಂಬಂಧ ತಂದ. ಹುಡುಗ ಲೋಕೇಶ್, ಪಾಂಡವಪುರದವನು, ಸರ್ಕಾರಿ ನೌಕರಿ, ರೇಷ್ಮೆ ಇಲಾಖೆಯಲ್ಲಿ. ಅವನ ಅಪ್ಪ ಚಲುವಯ್ಯ ಆ ಕಡೆ ದೊಡ್ಡ ಹೆಸರಿನವನು. ಚಿಕ್ಕಸ್ವಾಮಿಗೆ ಆ ಬೀಗತನದಲ್ಲಿ ತನ್ನದೇ ಲೆಕ್ಕವೂ ಇತ್ತು, ಮುಂದಿನ ಚುನಾವಣೆಗೆ ಚಲುವಯ್ಯನ ಕಡೆಯ ಹಳ್ಳಿಗಳು ಬೇಕಾಗಿದ್ದವು. ಅವನು ತಂಗಿಯನ್ನು ಕೂರಿಸಿಕೊಂಡು ಕರಾರು ಹಾಕಿದ. ಬ್ಯಾಂಡಿನ ಮಾತು ಎತ್ತಕೂಡದು. ನಿಂಗರಾಜು ಬಾಯಿ ಬಿಡಕೂಡದು, ಬಿಟ್ಟರೆ ಆ ಹಲ್ಲಿನ ಸಂದಿಯೂ ಕಾಣುತ್ತದೆ, ಅಸಡ್ಡಾಳತನವೂ ಕಾಣುತ್ತದೆ. ಆ ಆಟದ ಪೆಟ್ಟಿಗೆ ಅಲ್ಲಿರಕೂಡದು, ಮರ್ಯಾದಸ್ಥರು ಜೂಜಿನ ಮನೆಗೆ ಹೆಣ್ಣು ಕೇಳಲು ಬರುವುದಿಲ್ಲ.

ಮಗಳಿಗೆ ನೌಕರಿಯ ಗಂಡು ಸಿಗುತ್ತದೆ ಎಂದರೆ ಯಾವ ತಾಯಿಗೆ ಬೇಡ. ಪುಟ್ಟಗೌರಮ್ಮ ಎಲ್ಲದಕ್ಕೂ ಹೂಂ ಎಂದಳು. ಗಂಡನಿಗೂ ಅವಳೇ ಹೇಳಿದಳು, ಅವತ್ತೊಂದು ದಿನ ಸುಮ್ಮನೆ ಕೂತಿರಿ, ನೀವು ಮಾತಾಡಿ ಉದ್ಧಾರ ಮಾಡಿದ್ದು ಸಾಕು ಎಂದು. ನಿಂಗರಾಜು ಕಾಯಿ ತುರಿಯುತ್ತಲೇ ಆಗಲಿ ಎಂದ.

ಹೆಣ್ಣು ನೋಡುವ ಶಾಸ್ತ್ರ ಹೋಟೆಲಿನ ಮುಂದಿನ ಕೋಣೆಯಲ್ಲೇ ಆಗಬೇಕಿತ್ತು, ಹಿಂದಿನ ಮನೆಯಲ್ಲಿ ಅಷ್ಟು ಜನಕ್ಕೆ ಜಾಗವಿರಲಿಲ್ಲ. ಬೆಳಿಗ್ಗೆಯೇ ಚಿಕ್ಕಸ್ವಾಮಿ ಹೆಂಡತಿ ದ್ಯಾವಮ್ಮನೊಂದಿಗೆ ಬಂದಿಳಿದ. ದ್ಯಾವಮ್ಮ ಮಾತು ಕಡಿಮೆಯ ಹೆಂಗಸು. ಗಂಡ ಮಾತಾಡುವಾಗ ಅವನ ಪಂಚೆಯ ಅಂಚು ನೋಡುತ್ತ ನಿಲ್ಲುವುದು ಅವಳ ಅಭ್ಯಾಸ. ಮಿಷನ್ನನ್ನು ಹೊರಗೆ ಸಾಗಿಸಲು ನೋಡಿದರು. ಅದು ಮಿಸುಕಲಿಲ್ಲ. ಕೊನೆಗೆ ಚಿಕ್ಕಸ್ವಾಮಿ ಅದರ ಮೇಲೆ ಹೂವಿನ ಜಮಖಾನ ಹೊದಿಸಿ, ಹಣ್ಣು ತಾಂಬೂಲದ ತಟ್ಟೆ ಇಟ್ಟು ಮೇಜಿನಂತೆ ಕಾಣುವ ಹಾಗೆ ಮಾಡಿದ. ಕರೆಂಟು ಬೆಳಿಗ್ಗೆಯಿಂದ ಇರಲಿಲ್ಲವಾದ್ದರಿಂದ ಮಿಷನ್ನಿನ ಸ್ವಿಚ್ಚು ಹಾಕೇ ಇದೆ ಎನ್ನುವುದು ಯಾರ ಗಮನಕ್ಕೂ ಬರಲಿಲ್ಲ.

ಗಂಡಿನವರು ಬಂದರು. ಚಲುವಯ್ಯ ಕುರ್ಚಿಯನ್ನು ಒಮ್ಮೆ ಟವೆಲಿನಿಂದ ಒರೆಸಿ ಕೂತ. ಅವನ ಹೆಂಡತಿ ಮಾಯಮ್ಮ ಗೋಡೆಯ ಹೊಗೆಮಸಿ ನೋಡಿ ಸೆರಗನ್ನು ಮುದುಡಿಕೊಂಡಳು. ಹೋಟೆಲು ಎಂದಿರಿ, ದೊಡ್ಡದು ಅಂದುಕೊಂಡಿದ್ದೆವು ಎಂದಳು. ಲೋಕೇಶ್ ಅಪ್ಪನ ಪಕ್ಕ ಕೂತು, ಅಪ್ಪ ನಕ್ಕಾಗ ನಕ್ಕ. ಕೊಟ್ಟ ಉಪ್ಪಿಟ್ಟನ್ನು ಚಲುವಯ್ಯ ಎರಡು ಬೆರಳಲ್ಲಿ ಮುಟ್ಟಿ ಸರಿಸಿದ. ಪುಟ್ಟಗೌರಮ್ಮ ಹಲ್ಲು ಕಚ್ಚಿಕೊಂಡಳು. ಬೇರೆ ದಿನವಾಗಿದ್ದರೆ ಆ ತಟ್ಟೆಯ ಜೊತೆ ಎರಡು ಮಾತನ್ನೂ ಬಡಿಸುತ್ತಿದ್ದಳು.

ಯಜಮಾನರಿಗೆ ಮೊದಲಿನಿಂದ ಇದೇ ಕಸುಬೇ ಎಂದು ಚಲುವಯ್ಯ ಕೇಳಿದಾಗ, ವ್ಯವಸಾಯ, ವ್ಯವಸಾಯ ಎಂದು ಚಿಕ್ಕಸ್ವಾಮಿ ನಡುವೆ ಬಾಯಿ ಹಾಕಿ ಉತ್ತರಿಸಿದ. ನಿಂಗರಾಜು ಇಸ್ತ್ರಿ ಮಾಡಿದ ಅಂಗಿಯಲ್ಲಿ ತುಟಿ ಬಿಗಿದುಕೊಂಡು ಕೂತಿದ್ದ.

ಆಮೇಲೆ ಹುಡುಗಿಯನ್ನು ಕರೆಸಿ, ಒಂದು ಹಾಡು ಹೇಳಲಿ ಎಂದರು. ನಮ್ಮ ಮನೆಗೆ ಬರುವ ಸೊಸೆಗೆ ಹಾಡು ಬರಲೇಬೇಕು ಎಂದು ಮಾಯಮ್ಮ ಸೇರಿಸಿದಳು. ದಿವ್ಯ ಗೋಡೆಗೆ ಒರಗಿ ಒಂದು ದೇವರನಾಮ ಹೇಳಿದಳು. ಅಲುಗದ ಗಂಟಲು ಅವಳದು. ಹೊರಗೆ ಹಾರನ್ನು ಹೊಡೆಯುತ್ತಿದ್ದ ಬಸ್ಸುಗಳ ನಡುವೆಯೂ ಹಾಡು ಎಲ್ಲೂ ಜಾರಲಿಲ್ಲ. ಚಲುವಯ್ಯನ ಮುಖ ಮೊದಲ ಸಲ ಸಡಿಲಾಯಿತು. ಸೊಗಸಾಗಿ ಹೇಳುತ್ತಾಳೆ, ಯಾರ ಹತ್ತಿರ ಕಲಿತಳು ಎಂದ. ದಿವ್ಯ ಅಪ್ಪನ ಕಡೆ ತಿರುಗಿದಳು. ಅವಳು ಬಾಯಿ ತೆರೆಯುವುದರೊಳಗೆ ಚಿಕ್ಕಸ್ವಾಮಿ ಹೇಳಿಬಿಟ್ಟ.

"ಯಾರೂ ಕಲ್ಸಿಲ್ಲ ಬುಡಿ. ರೇಡಿಯೋ ಕೇಳ್ಕಂಡು ಅವ್ಳೇ ಕಲ್ತವ್ಳೆ."

ನಿಂಗರಾಜು ತಲೆ ತಗ್ಗಿಸಿದ. ಪುಟ್ಟಗೌರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಅದನ್ನು ನೋಡಿದಳು. ಹಲ್ಲು ಮುರಿದಾಗ, ಬ್ಯಾಂಡಿನವರು ಬಿಟ್ಟಾಗ, ಮೊಲಗಳು ಓಡಿಹೋದಾಗ ಅವನು ಪೆಚ್ಚಾಗಿದ್ದನ್ನು ಅವಳು ಕಂಡಿದ್ದಳು. ಹೀಗೆ ತಲೆ ತಗ್ಗಿಸಿದ್ದನ್ನು ಕಂಡಿರಲಿಲ್ಲ.

ಅಷ್ಟರಲ್ಲಿ ಕರೆಂಟು ಬಂತು. ಜಮಖಾನದ ಹೂಗಳ ಕೆಳಗೆ ಕೆಂಪು ಹಳದಿ ಬೆಳಕು ಹತ್ತಿಕೊಂಡಿತು. ಚಿಕ್ಕಸ್ವಾಮಿ ಗಾಬರಿಯಾಗಿ ಎದ್ದು ಅದನ್ನು ಮರೆಮಾಡಲು ಅಡ್ಡ ನಿಂತ. ಗಂಡಿನವರ ಕಡೆ ಬೆನ್ನಾಗಬಾರದೆಂದು ತಿರುಗಿ, ಹಿಂದಕ್ಕೆ ಒತ್ತಿಕೊಂಡು ನಿಂತದ್ದು ಸರಿಯಾಗಿ ಕೆಂಪು ಗುಂಡಿಯ ಮೇಲೆ. ಒಳಗೆ ಉರುಳೆಗಳು ಕಟಕಟನೆ ತಿರುಗಿದವು, ಗುಂಡು ಧಡ್ಡನೆ ಹೊರಬಿತ್ತು, ಮೇಲಿದ್ದ ತಟ್ಟೆಯಿಂದ ಬಾಳೆಹಣ್ಣಿನ ಚಿಪ್ಪು ಜಾರಿ ಚಲುವಯ್ಯನ ಚಪ್ಪಲಿಯ ಹತ್ತಿರ ಬಿತ್ತು. ಅದೇನದು ಎಂದು ಚಲುವಯ್ಯ ಕಾಲು ಎಳೆದುಕೊಂಡ.

ಚಿಕ್ಕಸ್ವಾಮಿ ಒಂದು ಕ್ಷಣವೂ ತಡವರಿಸಲಿಲ್ಲ. ಫ್ರಿಜ್ಜು, ಹೊಸದು, ಈಚೆಗೆ ತಗೊಂಡದ್ದು ಎಂದ.

ಮಾಯಮ್ಮನ ಕಣ್ಣು ಅರಳಿತು. ಹಾಗಾದರೆ ಒಂದು ಲೋಟ ತಣ್ಣೀರು ಕೊಡಿ, ಬಿಸಿಲಲ್ಲಿ ಬಂದು ಗಂಟಲು ಒಣಗಿದೆ ಎಂದಳು.

ಚಿಕ್ಕಸ್ವಾಮಿ ತಂಗಿಯ ಕಡೆ ನೋಡಿದ, ಏನಾದರೂ ಮಾಡು ಎನ್ನುವ ಹಾಗೆ. ಪುಟ್ಟಗೌರಮ್ಮ ಮಾಡಿದಳು. ಬಂದು ಅಣ್ಣನನ್ನು ತೋಳು ಹಿಡಿದು ಪಕ್ಕಕ್ಕೆ ಸರಿಸಿ, ತಟ್ಟೆ ತೆಗೆದು ದ್ಯಾವಮ್ಮನ ಕೈಗೆ ಕೊಟ್ಟು, ಜಮಖಾನವನ್ನು ಎಳೆದು ಹಾಕಿದಳು. ಕೆಂಪು ಕೋಟಿನ ಬ್ಯಾಂಡಿನವರೂ ಲಂಗದ ಹುಡುಗಿಯೂ ಝಗ್ಗನೆ ಬೆಳಗಿದರು.

"ತಣ್ಣೀರು ಮಡಕೇಲಿ ಐತೆ, ಕೊಡ್ತೀನಿ," ಎಂದಳು. "ಇದು ಆಟದ ಮಿಷನ್ನು, ನಮ್ಮೆಜಮಾನ್ರು ತಂದಿದ್ದು. ಅವ್ರು ಬ್ಯಾಂಡ್‌ಸೆಟ್ಟಲ್ಲಿ ಕ್ಲಾರಿಯೋನೆಟ್ ಊದ್ತಿದ್ರು. ನನ್ ಮಗಳಿಗೆ ಹಾಡು ಕಲ್ಸಿದ್ದೂ ಅವ್ರೇ. ರೇಡಿಯೋ ಅಲ್ಲ."

ಚಲುವಯ್ಯ ನಿಧಾನವಾಗಿ ಎದ್ದ. ಅವನಿಗೆ ಕೋಪಕ್ಕಿಂತ ಹೇಸಿಗೆಯೇ ಹೆಚ್ಚಾದಂತಿತ್ತು. ಚಿಕ್ಕಸ್ವಾಮಿಯತ್ತ ತಿರುಗಿ, ಮದುವೆ ಮನೆಯಲ್ಲಿ ಕಾಸಿಗೆ ಊದುವವನನ್ನು ಬೀಗ ಎಂದು ಪಕ್ಕದಲ್ಲಿ ಕೂರಿಸಿಕೊಳ್ಳುವ ಗತಿ ನಮಗಿನ್ನೂ ಬಂದಿಲ್ಲ, ಇದನ್ನು ಮೊದಲೇ ಹೇಳಿದ್ದರೆ ಬಸ್‌ಚಾರ್ಜಾದರೂ ಉಳಿಯುತ್ತಿತ್ತು ಎಂದ.

"ಮಗಳು ಹಾಡ್ಬೇಕು, ಅವ್ಳಪ್ಪ ಊದಬಾರ್ದು," ಎಂದಳು ಪುಟ್ಟಗೌರಮ್ಮ. "ಚೆನ್ನಾಗೈತೆ ನಿಮ್ ಮರ್ವಾದೆ. ನಿಮ್ಮ ಮದ್ವೆ ದಿನ ಯಾರೂ ಊದ್ದೇನೇ ತಾಳಿ ಕಟ್ಟುದ್ರೇನೋ, ಸಾವಿನ ಮನೇಲಿದ್ದಂಗೆ."

ಆ ಮಾತು ಹೆಚ್ಚಾಯಿತೆಂದು ಅವಳಿಗೇ ಅನ್ನಿಸಿತು. ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಗಂಡಿನವರು ಮೆಟ್ಟಿಲಿಳಿದರು. ಲೋಕೇಶ್ ಮಾತ್ರ ಬಾಗಿಲಲ್ಲಿ ಒಮ್ಮೆ ನಿಂತು ಹಿಂದೆ ನೋಡಿದ. ದಿವ್ಯಳನ್ನೋ, ಮಿಷನ್ನನ್ನೋ ಹೇಳುವುದು ಕಷ್ಟ. ಅಪ್ಪ ಕೆಮ್ಮಿದ ಕೂಡಲೇ ಹೊರಟುಹೋದ.

ಚಿಕ್ಕಸ್ವಾಮಿ ಅವರ ಹಿಂದೆ ರಸ್ತೆಯವರೆಗೂ ಓಡಿ, ಕೈಮುಗಿದು, ಬರಿಗೈಯಲ್ಲಿ ವಾಪಸು ಬಂದ. ಆ ಇಸ್ತ್ರಿಯ ಪಂಚೆಗೆ ಬಾಳೆಹಣ್ಣು ಮೆತ್ತಿತ್ತು. ನಿನ್ನ ಗಂಡನ್ನ ಜೀವಮಾನವೆಲ್ಲ ಬೈದವಳು ನೀನು, ಇವತ್ತು ನಾನೊಂದು ಮಾತು ಮುಚ್ಚಿಟ್ಟದ್ದು ತಪ್ಪಾಯಿತೇ ಎಂದು ತಂಗಿಯನ್ನು ಕೇಳಿದ.

"ನಾನ್ ಬೈತೀನಿ ಕಣಣ್ಣ. ನಂಗೆ ಅವ್ರು ಗೊತ್ತು. ನಿಂಗೆ ಗೊತ್ತಿರೋದು ನಿನ್ ಪಂಚೆ ಒಂದೇ."

ಇನ್ನು ಮೇಲೆ ತವರು ಎಂದು ಪಾಲಹಳ್ಳಿಗೆ ಕಾಲಿಡಬೇಡ ಎಂದು ಚಿಕ್ಕಸ್ವಾಮಿ ಹೇಳಿದ. ಹೆಂಡತಿಯನ್ನು ಕರೆದುಕೊಂಡು ಬಸ್ ಹತ್ತಿದ.

ಆ ಸಂಜೆ ಹೋಟೆಲು ತೆರೆಯಲಿಲ್ಲ. ಪುಟ್ಟಗೌರಮ್ಮ ಪಾತ್ರೆಗಳನ್ನು ಒಂದರ ಮೇಲೊಂದು ಕುಕ್ಕುತ್ತ ಗಂಡನ ಮೇಲೆ ತಿರುಗಿಬಿದ್ದಳು. ಸುತ್ತಿಟ್ಟ ಚಾಪೆಯ ಹಾಗೆ ಕೂತಿದ್ದಿರಲ್ಲ, ಅಷ್ಟು ಜನ ಬಾಯಿಗೆ ಬಂದದ್ದು ಆಡುತ್ತಿದ್ದಾಗ ನಿಮ್ಮ ಬಾಯಿಗೇನಾಗಿತ್ತು ಎಂದು ಕೇಳಿದಳು. ನಿಂಗರಾಜು ಬಾಳೆಹಣ್ಣು ಬಿದ್ದಲ್ಲಿ ನೆಲ ಒರೆಸುತ್ತಿದ್ದ.

"ಮಾತಾಡ್ಬೇಡಿ ಅಂತ ನೀನೇ ಏಳಿದ್ದಲ್ಲ," ಎಂದ.

ಪುಟ್ಟಗೌರಮ್ಮ ಸೌಟು ಕೆಳಗಿಟ್ಟು, ಉಪ್ಪಿಟ್ಟನ್ನು ಬಿಸಿ ಮಾಡಿ ತಂದು ಅವನ ಮುಂದಿಟ್ಟು, ಆ ದೊಡ್ಡ ಮನುಷ್ಯ ಮುಟ್ಟಿ ಬಿಟ್ಟದ್ದಲ್ಲ, ಬೇರೆ ಎಂದಳು.

ಮಳೆಗಾಲ ಹಿಡಿದ ಮೇಲೆ ಒಂದು ಮಧ್ಯಾಹ್ನ ಲೋಕೇಶ್ ಒಬ್ಬನೇ ಬಂದ. ಕೆಲಸದ ಮೇಲೆ ಈ ಕಡೆ ಬಂದಿದ್ದೆ ಎಂದ. ಇಡ್ಲಿ ತಿಂದ. ಆಮೇಲೆ ಒಂದಾಟ ಆಡಬಹುದೇ ಎಂದು ಕೇಳಿದ. ತಿಂಡಿ ತಿಂದವರೆಲ್ಲ ಆಡುತ್ತಾರೆ, ನೀನೇನು ಹೊರಗಿನವನೇ ಎಂದು ಪುಟ್ಟಗೌರಮ್ಮ ಅಂದದ್ದು ಉಪಚಾರಕ್ಕೋ ಚುಚ್ಚುವುದಕ್ಕೋ ಅವನಿಗೆ ತಿಳಿಯಲಿಲ್ಲ. ಅವನು ಗುಂಡು ಬಿಟ್ಟ, ಗಾಬರಿಯಲ್ಲಿ ಮಿಷನ್ನನ್ನು ಎರಡು ಕೈಯಲ್ಲೂ ಅಲ್ಲಾಡಿಸಿದ. ಮೂಲೆಯ ಪದ ಹತ್ತಿಕೊಂಡು ಆಟ ಸತ್ತಿತು. ದಿವ್ಯ ಬಂದು ಅಲ್ಲಾಡಿಸಬಾರದೆಂದು ತೋರಿಸಿಕೊಟ್ಟಳು. ಅವಳು ಬಹಳ ಹೊತ್ತು ಗುಂಡನ್ನು ಬೀಳಗೊಡದೆ ಆಡುವಾಗ ಅವನು ಮೆಲ್ಲಗೆ ಹೇಳಿದ, ಅವತ್ತು ತನಗೆ ಒಪ್ಪಿಗೆಯೇ ಇತ್ತಂತೆ, ಅಪ್ಪನ ಸಿಟ್ಟು ಇಳಿದ ಮೇಲೆ ಮಾತಾಡಿ ನೋಡುತ್ತಾನಂತೆ, ಮಿಷನ್ನನ್ನು ಅಷ್ಟರಲ್ಲಿ ಎಲ್ಲಿಗಾದರೂ ಸಾಗಿಸಿದ್ದರೆ ಅನುಕೂಲವಂತೆ.

"ನಮ್ಮಪ್ಪ ಇಲ್ಲೇ ಕೂತವ್ರೆ," ಎಂದಳು ದಿವ್ಯ, ಗುಂಡಿನಿಂದ ಕಣ್ಣು ತೆಗೆಯದೆ. "ಬಂದಾಗಿಂದ ಅವ್ರನ್ನ ಒಂದ್ ಮಾತು ಮಾತಾಡಿಸಿಲ್ಲ ನೀವು. ಮೊದ್ಲು ಅದು ಮಾಡಿ."

ನಿಂಗರಾಜು ಮೂಲೆಯಲ್ಲಿ ಕಾಯಿ ತುರಿಯುತ್ತಿದ್ದ. ಲೋಕೇಶ್ ಅವನ ಕಡೆ ಎರಡು ಹೆಜ್ಜೆ ಹೋದ. ಏನೆಂದು ಕರೆಯಬೇಕೆಂದು ಹೊಳೆಯದೆ ನಿಂತ. ಹೊರಗೆ ಪಾಂಡವಪುರದ ಬಸ್ಸಿನ ಕಂಡಕ್ಟರು ಕೂಗಿದ. ಬ್ಯಾಗು ತೆಗೆದುಕೊಂಡು ಹೊರಟ. ಆ ಕೂಗಿಲ್ಲದಿದ್ದರೂ ಅವನು ಬೇರೆ ಬಸ್ಸಿನ ಕೂಗಿಗೆ ಹೊರಡುತ್ತಿದ್ದ ಎಂದು ದಿವ್ಯ ಆಮೇಲೆ ಅಮ್ಮನಿಗೆ ಹೇಳಿ ನಕ್ಕಳು. ಆ ನಗುವಿನಲ್ಲಿ ನೋವೂ ಸ್ವಲ್ಪ ಇತ್ತು. ಹುಡುಗ ನೋಡಲು ಚೆನ್ನಾಗಿಯೇ ಇದ್ದ. ಮುಂದಿನ ತಿಂಗಳು ಅವಳು ಟೀಚರ್ ಟ್ರೈನಿಂಗಿಗೆಂದು ನಾಗಮಂಗಲಕ್ಕೆ ಹೋಗಿ ಹಾಸ್ಟೆಲು ಸೇರಿದಳು.

ಗೌರಿಹಬ್ಬ ಬಂತು. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪದೆ ಪಾಲಹಳ್ಳಿಯಿಂದ ಮೊರದ ಬಾಗಿನ ಬರುತ್ತಿತ್ತು. ಈ ಸಲ ಬರಲಿಲ್ಲ. ಎರಡು ಮೊರ, ಒಂದು ಡಜನ್ ಬಳೆ, ಅದಕ್ಕಾಗಿ ಅಳುತ್ತ ಕೂರಲು ನನಗೇನು ಬುದ್ಧಿ ಕೆಟ್ಟಿದೆಯೇ ಎಂದು ಪುಟ್ಟಗೌರಮ್ಮ ಯಾರೂ ಕೇಳದೆಯೇ ಗಿರಾಕಿಗಳಿಗೆ ಹೇಳಿದಳು. ಬಸ್‌ಸ್ಟ್ಯಾಂಡಿಗೆ ಪಾಲಹಳ್ಳಿಯವರು ಹತ್ತಿ ಬರುವ ಪಾಂಡವಪುರದ ಬಸ್ಸು ಬಂದಾಗೆಲ್ಲ ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದುದನ್ನು ಮಾತ್ರ ನಿಂಗರಾಜು ನೋಡಿಯೂ ನೋಡದಂತಿದ್ದ.

ಹಬ್ಬ ಕಳೆದು ಕೆಲವು ದಿನಗಳಾದ ಮೇಲೆ ದ್ಯಾವಮ್ಮ ಒಬ್ಬಳೇ ಬಸ್ಸಿಳಿದಳು. ಕಂಕುಳಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಮೊರದ ಗಂಟಿತ್ತು. ದೇವಲಾಪುರದ ತನ್ನ ತವರಿಗೆ ಹೋಗಿಬರುತ್ತೇನೆಂದು ಗಂಡನಿಗೆ ಹೇಳಿ ಹೊರಟು, ಬಸ್ಸನ್ನು ಬದಲಾಯಿಸಿಕೊಂಡು ಇಲ್ಲಿಗೆ ಬಂದಿದ್ದಳು. ನಿಮ್ಮಣ್ಣನಿಗೆ ಹೇಳಬೇಡ ಎಂದಳು. ಹೇಳಲು ಅವನು ನನ್ನೊಡನೆ ಮಾತಾಡುತ್ತಾನೆಯೇ ಎಂದು ಪುಟ್ಟಗೌರಮ್ಮ ಬಾಗಿನ ತೆಗೆದುಕೊಂಡಳು. ಅರಿಸಿನ ಕುಂಕುಮ ಕೊಟ್ಟಳು. ಅತ್ತಿಗೆಗೆ ಊಟ ಬಡಿಸಿ, ಈ ಸಲ ಬಳೆಯ ಬಣ್ಣ ಆರಿಸಿದವರು ಯಾರು, ಕಣ್ಣಿರಲಿಲ್ಲವೇ ಎಂದು ಕೇಳಿದಳು. ನಾನೇ ಎಂದಳು ದ್ಯಾವಮ್ಮ. ಹಾಗಾದರೆ ಪರವಾಗಿಲ್ಲ ಎಂದಳು.

ಊಟವಾದ ಮೇಲೆ ದ್ಯಾವಮ್ಮ ಕೈ ಒರೆಸಿಕೊಂಡು ಮಿಷನ್ನಿನ ಮುಂದೆ ನಿಂತಳು. ಅವತ್ತು ನಿಮ್ಮಣ್ಣನ ಎದುರು ಸರಿಯಾಗಿ ನೋಡುವುದಕ್ಕೇ ಆಗಲಿಲ್ಲ, ಇದನ್ನು ಹೆಂಗಸರೂ ಆಡಬಹುದೇ ಎಂದಳು. ನಿಂಗರಾಜು ಎದ್ದು ಬಂದು ಹಿಡಿ ಎಳೆಯುವುದನ್ನೂ ಕೈ ಹೊಡೆಯುವುದನ್ನೂ ಹೇಳಿಕೊಟ್ಟ. ಮೊದಲ ಗುಂಡುಗಳು ನೆಟ್ಟಗೆ ಬಾಯಿಗೆ ಬಿದ್ದವು. ಆಮೇಲಿನದೊಂದು ಅಣಬೆಗಳ ನಡುವೆ ಸಿಕ್ಕಿಕೊಂಡು ಗಂಟೆಗಳನ್ನೆಲ್ಲ ಬಾರಿಸಿಬಿಟ್ಟಿತು. ದ್ಯಾವಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತುಟಿ ಕಚ್ಚಿ, ಎರಡು ಗುಂಡಿಗಳನ್ನೂ ಒಟ್ಟಿಗೆ ಒತ್ತುತ್ತ ನಿಂತಳು. ಆಟ ಮುಗಿದಾಗ ಯಾರನ್ನೂ ಕೇಳದೆ ಮತ್ತೆ ಕೆಂಪು ಗುಂಡಿ ಒತ್ತಿದಳು.

ಪುಟ್ಟಗೌರಮ್ಮ ಪಾತ್ರೆ ತೊಳೆಯುತ್ತ ಅಲ್ಲಿಂದಲೇ ನೋಡಿದಳು. ಸೊಳ್ಳೆ ಹೊಡೆದ ಹಾಗೆ ಹೊಡೆಯುತ್ತಾಳೆ, ಇದಕ್ಕೂ ಒಂದು ಲಕ್ಷಣ ಬೇಡವೇ ಎಂದು ಗಂಡನಿಗೆ ಹೇಳಿದಳು. ಹೊರಗೆ ಪಾಂಡವಪುರದ ಬಸ್ಸು ಎಂಜಿನ್ನು ಶುರು ಮಾಡಿತ್ತು. ಅದು ತಪ್ಪಿದರೆ ಪಾಲಹಳ್ಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟುವಂತಿರಲಿಲ್ಲ.

"ಅತ್ತಿಗೆ, ಬಸ್ಸು ಒಂಟೈತೆ."

"ಓಗ್ಲಿ ಬುಡು," ಎಂದಳು ದ್ಯಾವಮ್ಮ, ತಿರುಗಿಯೂ ನೋಡದೆ. "ಇನ್ನೂ ಒಂದ್ ಗುಂಡೈತೆ."